ಹಾಸನದಿಂದ ಪಣಂಬೂರಿಗೆ: ಮೊದಲ ಕಾಫಿ ಕಂಟೇನರ್ ಕಳಿಸುವ ಬಗೆ

ಬೆಳೆಗಾರರ ಸಂಘವೋ ಸಣ್ಣ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ವಿಂಗಡಿಸುವ) ಘಟಕವೋ ಕ್ಲೀನ್ ಕಾಫಿಯನ್ನು, ಅಂದರೆ ಹುರಿಯಲು ಸಿದ್ಧವಾದ ಹಸಿರು ಬೀಜವನ್ನು, ತಾನೇ ರಫ್ತು ಮಾಡಲು ಹೊರಟರೆ ನಷ್ಟ ಬರುವುದು ಹೆಚ್ಚಾಗಿ ಎರಡು ಕಡೆ: ಬೀಜದ ತೇವಾಂಶದಲ್ಲಿ ಮತ್ತು ಮಂಗಳೂರಿನ ಪಣಂಬೂರು ಬಂದರಿನ ಕಡೆಗೆ ಇಳಿಯುವ ಶಿರಾಡಿ ಘಾಟಿಯಲ್ಲಿ. 2023ರ ಕೊನೆಗೆ ಇದಕ್ಕೆ ಮೂರನೆಯದು ಸೇರಿತು. ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ಯುರೋಪಿಗೆ ಹೋಗುವ ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾ ಸುತ್ತಿ ಹೋಗತೊಡಗಿದವು. ಪ್ರಯಾಣಕ್ಕೆ ಸುಮಾರು 10ರಿಂದ 14 ದಿನ ಕೂಡಿತು. ನಿಮ್ಮ ಹಡಗಿನ ದಾರಿ ಯಾವುದೆಂದು ಬುಕಿಂಗ್ ಮಾಡುವಾಗಲೇ ಕೇಳಿ. ಕಂಟೇನರಿನೊಳಗೆ ಎಷ್ಟು ತೇವ ಹೀರುವ ಪಟ್ಟಿ ಹಾಕಬೇಕು, ದುಡ್ಡು ಯಾವಾಗ ಕೈಗೆ ಬರುತ್ತದೆ ಎಂಬುದೆಲ್ಲ ಅದರ ಮೇಲೆ ನಿಂತಿದೆ.

ಕಾಗದಪತ್ರ, ಸುಗ್ಗಿಗೆ ಮೊದಲೇ

ಆಮದು-ರಫ್ತು ಕೋಡ್, ಕಾಫಿ ಮಂಡಳಿಯಲ್ಲಿ ರಫ್ತುದಾರರ ನೋಂದಣಿ, ಜಿಎಸ್‌ಟಿಯ ಎಲ್‌ಯುಟಿ (ತೆರಿಗೆ ಮೊದಲೇ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ), ರಫ್ತಿನ ಹಣ ಬರುವ ಬ್ಯಾಂಕಿನ ಎಡಿ ಕೋಡ್ ನಾಲ್ಕೂ ನವೆಂಬರ್ ಹೊತ್ತಿಗೆ ಕೈಯಲ್ಲಿರಲಿ. ಎಡಿ ಕೋಡನ್ನು ಬಂದರು ಬಂದರಿಗೆ ಬೇರೆಬೇರೆಯಾಗಿ ನೋಂದಾಯಿಸಬೇಕು. ಹೆಚ್ಚಿನವರು ಮಂಗಳೂರಿಗೆ ಮಾತ್ರ ಮಾಡಿಸಿ ಬಿಡುತ್ತಾರೆ. ಜುಲೈನಲ್ಲಿ ಘಾಟಿ ಕುಸಿದು ಸರಕನ್ನು ಕೊಚ್ಚಿಗೋ ಬೆಂಗಳೂರಿನ ವೈಟ್‌ಫೀಲ್ಡ್ ಕಂಟೇನರ್ ಡಿಪೋಗೋ ತಿರುಗಿಸಬೇಕಾದಾಗ ಅಲ್ಲಿ ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಕೊಡುವ ರಫ್ತು ಘೋಷಣೆ) ಹಾಕಲು ಆಗುವುದಿಲ್ಲ. ಮೂರು ಕಡೆಯೂ ಮೊದಲೇ ನೋಂದಾಯಿಸಿಡಿ, ಖರ್ಚೇನೂ ದೊಡ್ಡದಲ್ಲ.

ಯುರೋಪಿಗೆ ಕಳಿಸುವವರು, ಕಾಡು ಕಡಿದ ಜಾಗದಲ್ಲಿ ಬೆಳೆದ ಸರಕನ್ನು ತಡೆಯುವ ಯುರೋಪಿಯನ್ ಒಕ್ಕೂಟದ ಅರಣ್ಯನಾಶ ತಡೆ ನಿಯಮದ ಕೆಲಸವನ್ನೂ ಈಗಲೇ ಶುರು ಮಾಡಬೇಕು. ಎರಡು ಸಲ ಮುಂದೂಡಿದ ಆ ನಿಯಮ ದೊಡ್ಡ ಮತ್ತು ಮಧ್ಯಮ ಖರೀದಿದಾರರಿಗೆ 2026ರ ಡಿಸೆಂಬರ್ 30ರಿಂದ ಅನ್ವಯ. 4 ಹೆಕ್ಟೇರ್‌ವರೆಗಿನ ತೋಟಕ್ಕೆ ಒಂದು ಜಿಪಿಎಸ್ ಬಿಂದು ಸಾಕು, ದಶಮಾಂಶದ ನಂತರ ಆರು ಅಂಕಿ ಇರಬೇಕು; ಅದಕ್ಕಿಂತ ದೊಡ್ಡ ತೋಟಕ್ಕೆ ಗಡಿಯ ನಕ್ಷೆಯೇ ಬೇಕು. ವಿವರ ಕೊಡದ ಒಂದು ತೋಟದ ಹತ್ತು ಚೀಲ ಬೆರೆತರೂ ಇಡೀ ಲಾಟಿಗೆ ತೊಡಕು. ಹಾಗಾಗಿ ಕ್ಯೂರಿಂಗ್‌ಗೆ ಕೊಡುವಾಗಲೇ ಲಾಟುಗಳನ್ನು ಬೇರೆ ಇಡಿಸಿ, ರಸೀದಿಯಲ್ಲಿ ಬರೆಸಿಕೊಳ್ಳಿ.

ತೇವಾಂಶ

ಅಂತರರಾಷ್ಟ್ರೀಯ ಕಾಫಿ ಸಂಘಟನೆ ಹೇಳುವ ಮಿತಿ 8ರಿಂದ 12.5 ಶೇಕಡ. ಲೋಡ್ ಮಾಡುವ ದಿನ 11ರಿಂದ 11.5ರ ಒಳಗಿರುವಂತೆ ನೋಡಿಕೊಳ್ಳಿ. ಒಂದು ಕಂಟೇನರಿನಲ್ಲಿ ಶೇಕಡ 1ರಷ್ಟು ತೇವಾಂಶವೆಂದರೆ ಸುಮಾರು 200 ಕೆಜಿ ತೂಕ, ಅದಕ್ಕೇ 12.5ರ ಅಂಚಿನಲ್ಲಿ ನಿಲ್ಲಿಸುವ ಆಸೆ ಹುಟ್ಟುತ್ತದೆ. ಆದರೆ ಆ ಅಂಚಿನ ಸರಕು 40-45 ದಿನ ಉಕ್ಕಿನ ಡಬ್ಬಿಯಲ್ಲಿ ಕೂತರೆ ಬೂಸ್ಟು ಹಿಡಿಯಬಹುದು, 200 ಕೆಜಿ ಉಳಿಸಲು ಹೋಗಿ ಲಾಟೇ ತಿರಸ್ಕಾರವಾಗಬಹುದು. (ಮಳೆಗಾಲದ ತೇವದ ಗಾಳಿಗೆ ಒಡ್ಡಿ ಹದಮಾಡುವ ಮಾನ್ಸೂನ್ಡ್ ಮಲಬಾರ್ ಕಾಫಿಯ ಲೆಕ್ಕ ಬೇರೆ, ಅದರ ತೇವಾಂಶ 13ರ ಮೇಲೇ ಇರುತ್ತದೆ, ಖರೀದಿದಾರನಿಗೂ ಅದು ಗೊತ್ತು.)

ಕೈಮೀಟರ್ ಒಂದನ್ನೇ ನಂಬಬೇಡಿ. ಪಾರ್ಚ್‌ಮೆಂಟ್‌ಗೆ (ಒಳಸಿಪ್ಪೆ ಇರುವ ಬೀಜಕ್ಕೆ) ಹೊಂದಿಸಿದ ಮೀಟರ್ ಕ್ಲೀನ್ ಬೀಜಕ್ಕೆ ತಪ್ಪು ತೋರಿಸುತ್ತದೆ. ಸುಗ್ಗಿಯ ಮೊದಲಲ್ಲೊಮ್ಮೆ ಅದೇ ಬೀಜವನ್ನು ಪ್ರಯೋಗಾಲಯದ ಒಲೆ ವಿಧಾನದಲ್ಲಿ, ಅಂದರೆ 105 ಡಿಗ್ರಿಯಲ್ಲಿ 16 ಗಂಟೆ ಇರಿಸಿ, ಅಳೆಸಿ ಮೀಟರಿನ ಅಂತರ ಬರೆದಿಟ್ಟುಕೊಳ್ಳಿ. ಸ್ಯಾಂಪಲನ್ನು ಕನಿಷ್ಠ ಹತ್ತನೇ ಒಂದು ಪಾಲು ಚೀಲಗಳಿಂದ ತೆಗೆಯಿರಿ. ಒಂದು ಕಂಟೇನರಿನ 320 ಚೀಲಕ್ಕೆ 32. ಅಟ್ಟಿಯ ಅಡಿ, ನಡು, ಮೇಲು ಎಲ್ಲ ಕಡೆಯಿಂದಲೂ ಬರಲಿ. ಬಾಗಿಲ ಬಳಿಯ ಚೀಲಗಳನ್ನಷ್ಟೇ ಚುಚ್ಚಿ ತೆಗೆದ ಸ್ಯಾಂಪಲ್ ಯಾರಿಗೂ ಉಪಯೋಗವಿಲ್ಲ.

ಖಾಲಿ ಕಂಟೇನರ್ ಬಂದ ಕೂಡಲೇ

ಲಾರಿಯವರು ಅವಸರ ಮಾಡಿದರೂ ಮೊದಲು ಒಳಗೆ ಹೋಗಿ, ಹೊರಗಿನವರಿಗೆ ಎರಡೂ ಬಾಗಿಲು ಮುಚ್ಚಲು ಹೇಳಿ ಎರಡು ನಿಮಿಷ ಕತ್ತಲಲ್ಲಿ ನಿಲ್ಲಿ. ಕಣ್ಣು ಹೊಂದಿಕೊಂಡ ಮೇಲೆ ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿ ನೀರು ಇಳಿಯುತ್ತದೆ ಎಂದೇ ಅರ್ಥ. ಮೂಗಿಗೂ ಕೆಲಸ ಕೊಡಿ: ಮಸಾಲೆ, ಚರ್ಮ, ರಾಸಾಯನಿಕ ಯಾವ ವಾಸನೆಯಿದ್ದರೂ ವಾಪಸ್ ಕಳಿಸಿ, ಕಾಫಿ ಅದನ್ನು ಹೀರಿಕೊಳ್ಳುತ್ತದೆ. ನೆಲದ ಹಲಗೆ ಒದ್ದೆ ಇದೆಯೇ, ಮೊಳೆ ಎದ್ದಿದೆಯೇ, ಬಾಗಿಲ ರಬ್ಬರ್ ಹರಿದಿದೆಯೇ ನೋಡಿ. ಬುಕಿಂಗ್‌ನಲ್ಲಿ 'ಆಹಾರ ದರ್ಜೆ' ಎಂದು ಬರೆಸಿದ್ದರೆ ತಿರಸ್ಕರಿಸುವ ಹಕ್ಕು ನಿಮ್ಮದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಳ್ಳೆಯ ಖಾಲಿ ಡಬ್ಬಿಗೆ ಪೈಪೋಟಿಯಿರುವುದರಿಂದ ಮೂರು ವಾರ ಮೊದಲೇ ಬುಕ್ ಮಾಡಿ.

20 ಅಡಿಯ ಕಂಟೇನರಿಗೆ 60 ಕೆಜಿಯ 320 ಗೋಣಿಚೀಲ ಹಿಡಿಯುತ್ತದೆ, ಒಟ್ಟು 19.2 ಟನ್. ಶೇಕಡ 12 ತೇವಾಂಶವಿದ್ದರೆ ಅದರಲ್ಲಿ ಸುಮಾರು 2,300 ಕೆಜಿ ನೀರೇ. ಬೆಚ್ಚಗಿನ ಕರಾವಳಿಯಿಂದ ಚಳಿಯ ಯುರೋಪಿಗೆ ಹೋದಾಗ ಚಾವಣಿಯ ತಗಡು ತಣ್ಣಗಾಗಿ ಆ ತೇವ ಹನಿಯಾಗಿ ಚೀಲದ ಮೇಲೆ ಬೀಳುತ್ತದೆ. ಗೋಡೆ ಮತ್ತು ನೆಲಕ್ಕೆ ಒಣ ಕ್ರಾಫ್ಟ್ ಕಾಗದ ಹೊದಿಸಿ, ತುಂಬಿದ ಮೇಲೆ ಅಟ್ಟಿಯ ಮೇಲೂ ಬಾಗಿಲ ಕಡೆಗೂ ಹಾಸಿ. ತೇವ ಹೀರುವ ಪಟ್ಟಿಗಳನ್ನು ಗೋಡೆಯ ಕೊಂಡಿಗಳಿಗೆ ತೂಗುಹಾಕಿ, ಚೀಲಕ್ಕೆ ತಾಗದಿರಲಿ. ಎಷ್ಟು ಪಟ್ಟಿ ಎಂಬುದನ್ನು ತಯಾರಕರ ಕೋಷ್ಟಕದಲ್ಲಿ ಪ್ರಯಾಣದ ದಿನಗಳ ಲೆಕ್ಕ ನೋಡಿ ಆರಿಸಿ, ಆಫ್ರಿಕಾ ಸುತ್ತುವ ಹಡಗಾದರೆ ಆ ದಿನಗಳನ್ನೂ ಸೇರಿಸಿ. ಹಮಾಲಿಗಳಿಗೆ ಕೊಕ್ಕೆ ಬಳಸಲು ಬಿಡಬೇಡಿ. ಮಳೆ ಹನಿಯುತ್ತಿದ್ದರೆ ಲೋಡಿಂಗ್ ನಿಲ್ಲಿಸಿ.

ಖಾಲಿ, ಅರ್ಧ, ಪೂರ್ತಿ, ಬಾಗಿಲು ಮುಚ್ಚಿ ಸೀಲ್ ಹಾಕಿದ್ದು: ನಾಲ್ಕು ಹಂತದ ಫೋಟೊ ತೆಗೆಯಿರಿ, ಕಂಟೇನರ್ ನಂಬರ್ ಕಾಣುವಂತೆ. ವಿಮೆಯವರು ಮೊದಲು ಕೇಳುವುದೇ ಇದನ್ನು. ತುಂಬಿದ ತೂಕದ ಪ್ರಮಾಣಪತ್ರ 2016ರ ಜುಲೈನಿಂದ ಕಡ್ಡಾಯ. ಅದು ಇಲ್ಲದ ಡಬ್ಬಿಯನ್ನು ಹಡಗಿಗೆ ಏರಿಸುವುದಿಲ್ಲ.

ಹಿಂದಿನಿಂದ ಲೆಕ್ಕ, ಘಾಟಿಯ ಲೆಕ್ಕ

ಹಡಗು ಹೊರಡುವ ದಿನ ಮುಖ್ಯವಲ್ಲ, ಆ ಹಡಗಿನ ಸರಕಿಗೆ ಬಂದರಿನ ಗೇಟ್ ಮುಚ್ಚುವ ಗಂಟೆ ಮುಖ್ಯ. ಅಲ್ಲಿಂದ ಹಿಂದಕ್ಕೆ ಎಣಿಸಿ. ಗುರುವಾರ ಸಂಜೆ ಗೇಟ್ ಮುಚ್ಚುವುದಾದರೆ ಬೇಸಿಗೆಯಲ್ಲಿ ಮಂಗಳವಾರ ಲೋಡಿಂಗ್, ಬುಧವಾರ ಘಾಟಿ ಇಳಿಯುವುದು, ಗುರುವಾರ ಬೆಳಿಗ್ಗೆ ಪಣಂಬೂರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದಕ್ಕೆ ಮೂರು ದಿನ ಸೇರಿಸಿ. ಆದರೆ ಬೇಗ ತಲುಪಿದ ಡಬ್ಬಿಗೂ ಉಚಿತ ದಿನ ಮುಗಿದ ಮೇಲೆ ದಿನಬಾಡಿಗೆ ಬೀಳುತ್ತದೆ. ಎಷ್ಟು ದಿನ ಉಚಿತ ಎಂದು ಫಾರ್ವರ್ಡರ್ (ಸರಕು ಸಾಗಣೆ ಏಜೆಂಟ್) ಹತ್ತಿರ ಲಿಖಿತವಾಗಿ ಪಡೆಯಿರಿ. ಸಾಧ್ಯವಾದಷ್ಟೂ ಸರಕನ್ನು ಮೇ ಮುಗಿಯುವುದರೊಳಗೆ ಇಳಿಸಿಬಿಡುವುದೇ ಜಾಣತನ.

2024ರ ಜುಲೈನಲ್ಲಿ ಸಕಲೇಶಪುರದ ಬಳಿ, ಶಿರಾಡಿ ಘಾಟಿ ಇಳಿಯುವ ರಾಷ್ಟ್ರೀಯ ಹೆದ್ದಾರಿ 75 ಕುಸಿದ ಹೊತ್ತಿಗೇ ಎಡಕುಮೇರಿ ಕಡೆಯ ರೈಲು ಮಾರ್ಗವೂ ಕುಸಿದಿತ್ತು. ರಸ್ತೆಗೆ ರೈಲು ಬದಲಿ ಎಂದುಕೊಂಡರೆ ಹೀಗೆ ಎರಡೂ ಒಟ್ಟಿಗೇ ಕೈಕೊಡುತ್ತವೆ, ಗುಡ್ಡ ಒಂದೇ ಅಲ್ಲವೇ. ಚಾರ್ಮಾಡಿ ಘಾಟಿಯಲ್ಲಿ ಭಾರೀ ವಾಹನಕ್ಕೆ ಅವಕಾಶವಿಲ್ಲ. ಮಡಿಕೇರಿ-ಸಂಪಾಜೆ ದಾರಿಯನ್ನು ನೆಚ್ಚುವ ಮೊದಲು ಆ ದಿನದ ಜಿಲ್ಲಾಡಳಿತದ ಆದೇಶ ನೋಡಿ.

ಕಟ್ಟ ಕಡೆಯದಾಗಿ ಬಿಲ್ ಆಫ್ ಲೇಡಿಂಗ್‌ನ (ಸರಕು ಪಡೆದದ್ದಕ್ಕೆ ಹಡಗು ಕಂಪನಿ ಕೊಡುವ ಪತ್ರದ) ಕರಡು. ಒಪ್ಪಿಗೆ ಕೊಡುವ ಮುನ್ನ ಚೀಲದ ಸಂಖ್ಯೆ, ತೂಕ, ಸೀಲ್ ನಂಬರ್, ಚೀಲದ ಮೇಲಿನ ಗುರುತು ನಾಲ್ಕನ್ನೂ ಮೂಲದೇಶದ ಪ್ರಮಾಣಪತ್ರದ ಪಕ್ಕದಲ್ಲಿಟ್ಟು ಅಂಕಿ ಅಂಕಿ ಹೋಲಿಸಿ. ಗುರುತು ಅಂತರರಾಷ್ಟ್ರೀಯ ಕಾಫಿ ಸಂಘಟನೆ ಭಾರತಕ್ಕೆ ಕೊಟ್ಟ ಸಂಖ್ಯೆ 14ರಿಂದ ಶುರುವಾಗಿ, ಆಮೇಲೆ ರಫ್ತುದಾರರ ಸಂಖ್ಯೆ, ಕೊನೆಗೆ ಲಾಟ್ ಸಂಖ್ಯೆ ಬರುತ್ತದೆ. ಒಂದು ಅಂಕಿ ತಪ್ಪಿದರೂ ಲೆಟರ್ ಆಫ್ ಕ್ರೆಡಿಟ್‌ನ (ಖರೀದಿದಾರನ ಬ್ಯಾಂಕ್ ಕೊಡುವ ಪಾವತಿ ಖಾತರಿಯ) ವ್ಯವಹಾರದಲ್ಲಿ ಬ್ಯಾಂಕ್ ಕಾಗದಗಳನ್ನು ತಿರುಗಿಸುತ್ತದೆ. ಹಡಗು ಹೊರಟ ಮೇಲೆ ತಿದ್ದಿಸಲು ಶುಲ್ಕವೂ ಹೆಚ್ಚು, ದಿನವೂ ಹೆಚ್ಚು.