ಮೊದಲು ಕಾಗದ, ಆಮೇಲೆ ಡಿಸೈನ್

ಹೊಸ ಕೆಲಸ ಬಂದ ತಕ್ಷಣ ನಾನು ಕಂಪ್ಯೂಟರ್ ಮುಂದೆ ಕೂರುವುದಿಲ್ಲ. ಯಾವ ಕಾಗದ, ಯಾವ ಮಷೀನು, ಎಷ್ಟು ಪ್ರತಿ ಅಂತ ಮೊದಲು ಕೇಳಿಕೊಳ್ಳುತ್ತೇನೆ. ಇಷ್ಟು ಗೊತ್ತಾದರೆ ಅರ್ಧ ಡಿಸೈನ್ ಆದ ಹಾಗೆಯೇ. ಅಕ್ಷರ ಎಷ್ಟು ಸಣ್ಣದಿರಬಹುದು, ಬಣ್ಣ ಎಷ್ಟು ಗಾಢವಾಗಿರಬಹುದು, ಎಲ್ಲಿ ಮಡಚಬೇಕು ಅನ್ನೋದೆಲ್ಲ ಅಲ್ಲೇ ತೀರ್ಮಾನವಾಗುತ್ತದೆ. ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣ), 300 ಡಿಪಿಐ (ಇಂಚಿಗೆ 300 ಚುಕ್ಕಿ), 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯ ಆಚೆಗೂ ಬಿಡುವ ಬಣ್ಣ) ಎಲ್ಲ ಕೋರ್ಸಿನಲ್ಲೇ ಕಲಿತೆ. ಅವು ಬೇಕೇ ಬೇಕು. ಆದರೆ ಲೇಪನವಿಲ್ಲದ ಮ್ಯಾಪ್ಲಿತೋ ಕಾಗದ ಇಂಕನ್ನು ಹೇಗೆ ಹೀರುತ್ತದೆ ಅಂತ ಸ್ಕ್ರೀನಿನಲ್ಲಿ ಕಾಣಿಸುವುದಿಲ್ಲ, ಅಲ್ವಾ? ಅದನ್ನು ಕಲಿತದ್ದು ಮೈಸೂರಿನ ಪ್ರೆಸ್ಸುಗಳಲ್ಲಿ.

ಪ್ರೆಸ್ಸಿಗೆ ಹೋಗಿ ಕೂರಲು ಆಷಾಢ ಒಳ್ಳೆಯ ಕಾಲ. ಮದುವೆ ಕಾರ್ಡುಗಳ ಗಲಾಟೆ ಇರುವುದಿಲ್ಲ, ದಸರಾ ಕೆಲಸಗಳು ಇನ್ನೂ ಬಂದಿರುವುದಿಲ್ಲ. ಮಷೀನ್ ಓಡಿಸುವ ಅಣ್ಣಂದಿರಿಗೆ ಮಾತಾಡಲು ಪುರುಸೊತ್ತು ಸಿಗುತ್ತದೆ. ಅಚ್ಚು ಹೇಗೆ ಬೀಳುತ್ತದೆ ಅಂತ ನೋಡಲು ನಾನೊಂದು ಸಣ್ಣ ಪರೀಕ್ಷೆ ಪಟ್ಟಿ ಡಿಸೈನ್ ಮಾಡಿಕೊಂಡು ಹೋಗುತ್ತಿದ್ದೆ. ಬೇರೆಯವರ ಕೆಲಸದ ಪ್ಲೇಟಿನಲ್ಲಿ (ಅಚ್ಚು ತೆಗೆಯುವ ಲೋಹದ ತಗಡಿನಲ್ಲಿ), ಕಟಿಂಗ್‌ನಲ್ಲಿ ಹೋಗುವ ಅಂಚಿನ ಜಾಗ ಉಳಿದಿದ್ದರೆ ಅಲ್ಲಿ ಅದನ್ನು ಕೂರಿಸಿಕೊಡುತ್ತಿದ್ದರು. ಕೆಲಸ ಮುಗಿದ ಮೇಲೆ ಮೂಲೆಯಲ್ಲಿ ಉಳಿದ ಬೇರೆ ಬೇರೆ ಕಾಗದದ ಹಾಳೆಗಳನ್ನು ಅದೇ ಪ್ಲೇಟಿನಲ್ಲಿ ಓಡಿಸಿಕೊಳ್ಳುತ್ತಿದ್ದೆ.

ಆ ಪಟ್ಟಿಯಲ್ಲಿದ್ದದ್ದು ಕನ್ನಡದ ಕಷ್ಟದ ಪದಗಳು: ರಾಷ್ಟ್ರೀಯ, ಸ್ವಾತಂತ್ರ್ಯ, ವೈಶಿಷ್ಟ್ಯ, ಸ್ತ್ರೀ. ಒಂದೊಂದೂ 7 ಪಾಯಿಂಟಿನಿಂದ 12ರವರೆಗೆ. ಒಂದು ಸಾಲು ಬರೀ ಕಪ್ಪು ಇಂಕಿನಲ್ಲಿ, ಒಂದು ಸಾಲು ನಾಲ್ಕೂ ಬಣ್ಣ ಸೇರಿದ ಕಪ್ಪಿನಲ್ಲಿ, ಒಂದು ಸಾಲು ಕಪ್ಪು ಹಿನ್ನೆಲೆಯ ಮೇಲೆ ಬಿಳಿ. ಕೆಳಗೆ ಬೂದು ಬಣ್ಣದ ಮೆಟ್ಟಿಲುಗಳು, ಪಕ್ಕದಲ್ಲಿ ಒಂದು ಮುಖದ ಫೋಟೋ.

ಭೂತಗನ್ನಡಿ ಇಟ್ಟು ನೋಡಿದಾಗ ಎಲ್ಲ ಅರ್ಥವಾಯಿತು. 130 ಜಿಎಸ್‌ಎಂ (ಚದರ ಮೀಟರಿಗೆ 130 ಗ್ರಾಂ) ಆರ್ಟ್ ಪೇಪರಿನಲ್ಲಿ ಇಂಕು ಮೇಲಿನ ಲೇಪನದ ಮೇಲೇ ನಿಲ್ಲುತ್ತದೆ. ಅಲ್ಲಿ 7 ಪಾಯಿಂಟಿನ ‘ಷ್ಟ್ರ’ ಕೂಡ ಚೊಕ್ಕವಾಗಿ ಬಿದ್ದಿತ್ತು. 70 ಜಿಎಸ್‌ಎಂ ಮ್ಯಾಪ್ಲಿತೋದಲ್ಲಿ ಅದೇ ‘ಷ್ಟ್ರ’ದ ಒತ್ತುಗಳ ನಡುವಿನ ಸಂದು ಮುಚ್ಚಿಕೊಂಡಿತ್ತು. ಕಪ್ಪಿನ ಮೇಲೆ ಬಿಳಿ ಅಕ್ಷರದ ಸಾಲಿನಲ್ಲಂತೂ ಸುತ್ತಲಿನ ಇಂಕು ಒಳಗೆ ಹರಡಿ ಸಣ್ಣ ಗೆರೆಗಳನ್ನೇ ನುಂಗಿತ್ತು. ನಾಲ್ಕು ಬಣ್ಣದ ಕಪ್ಪಿನ ಸಾಲಿನಲ್ಲಿ ರಿಜಿಸ್ಟ್ರೇಷನ್, ಅಂದರೆ ಒಂದರ ಮೇಲೊಂದು ಬಣ್ಣ ಕೂರುವ ಹೊಂದಿಕೆ, ಕೂದಲೆಳೆಯಷ್ಟು ಸರಿದಿದ್ದರೂ ಅಕ್ಷರದ ಅಂಚಿನಲ್ಲಿ ಗುಲಾಬಿ, ನೀಲಿ ಇಣುಕುತ್ತಿತ್ತು. ಅಂದಿನಿಂದ ನನ್ನ ಲೆಕ್ಕ ಇಷ್ಟೇ: ಓದುವ ಅಕ್ಷರ ಬರೀ ಕಪ್ಪು ಇಂಕಿನಲ್ಲಿ, ಅದೂ ಓವರ್‌ಪ್ರಿಂಟ್ ಹಾಕಿ (ಕೆಳಗಿನ ಬಣ್ಣ ಕತ್ತರಿಸದೆ ಅದರ ಮೇಲೇ ಅಚ್ಚು ಬೀಳುವ ಹಾಗೆ). ಮ್ಯಾಪ್ಲಿತೋದಲ್ಲಿ ಬಿಳಿ ಅಕ್ಷರ ಬೇಕೇ ಬೇಕಾದರೆ ದಪ್ಪ ಫಾಂಟು, 11 ಪಾಯಿಂಟಿಗಿಂತ ಕಡಿಮೆ ಇಲ್ಲ.

ಫೋಟೋ ವಿಷಯವೂ ಹಾಗೇ. ಫೋಟೋ ಮೂಡಿಸುವ ಸಣ್ಣ ಚುಕ್ಕಿಗಳು ಮ್ಯಾಪ್ಲಿತೋದಲ್ಲಿ ಹರಡಿ, ಶೇ. 50ರ ಬೂದು 70ರ ಹತ್ತಿರ ಕಾಣುತ್ತದೆ. ಮುಖಗಳು ಕಪ್ಪಾಗುವುದು ಇದರಿಂದಲೇ. ನಡುವಿನ ಛಾಯೆಗಳನ್ನು ಮೊದಲೇ ತಿಳಿಯಾಗಿಸಿ ಕೊಡುತ್ತೇನೆ. ನಾಲ್ಕೂ ಬಣ್ಣದ ಶೇಕಡಾವಾರು ಕೂಡಿಸಿದ ಒಟ್ಟು ಇಂಕು ಆರ್ಟ್ ಪೇಪರಿಗೆ ಶೇ. 300ರ ಆಸುಪಾಸು, ಮ್ಯಾಪ್ಲಿತೋಗೆ 260ರ ಒಳಗೆ ಇರುವ ಹಾಗೆ ನೋಡಿಕೊಳ್ಳುತ್ತೇನೆ. ಜಾಸ್ತಿ ಆದರೆ ಇಂಕು ಒಣಗುವುದಿಲ್ಲ, ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ.

ಮಷೀನು ಎಷ್ಟು ಬಣ್ಣದ್ದು ಅಂತಲೂ ಕೇಳಬೇಕು. ಎರಡು ಬಣ್ಣದ ಮಷೀನಿನಲ್ಲಿ ನಾಲ್ಕು ಬಣ್ಣದ ಕೆಲಸಕ್ಕೆ ಹಾಳೆ ಎರಡು ಸಲ ಓಡುತ್ತದೆ. ಮಳೆಗಾಲದಲ್ಲಿ ಆ ನಡುವೆ ಕಾಗದ ತೇವ ಎಳೆದು ಹಿಗ್ಗುತ್ತದೆ. ಎರಡನೇ ಸಲ ಬಣ್ಣ ಸರಿಯಾಗಿ ಕೂರುವುದಿಲ್ಲ. ಅಂಥ ಕೆಲಸದಲ್ಲಿ ಎರಡು ಮೂರು ಬಣ್ಣ ಸೇರಿದ ತೆಳು ಗೆರೆಗಳನ್ನು ನಾನು ಇಡುವುದೇ ಇಲ್ಲ.

ಕಾಗದಕ್ಕೆ ಒಂದು ಎಳೆ ಇರುತ್ತದೆ. ಗಿರಣಿಯಲ್ಲಿ ಕಾಗದ ಓಡುವ ದಿಕ್ಕಿಗೇ ನಾರುಗಳು ಮಲಗುತ್ತವೆ. ಅದನ್ನು ಕಂಡುಹಿಡಿಯುವುದು ಸುಲಭ. ಒಂದು ಚೌಕ ತುಂಡು ಕತ್ತರಿಸಿ ಒಂದು ಬದಿ ಮಾತ್ರ ಒದ್ದೆ ಮಾಡಿ. ನಾರು ಅಡ್ಡಕ್ಕೆ ಉಬ್ಬುವುದರಿಂದ ತುಂಡು ಕೊಳವೆ ಹಾಗೆ ಸುರುಳಿಯಾಗುತ್ತದೆ. ಕೊಳವೆ ಉದ್ದಕ್ಕಿರುವ ದಿಕ್ಕೇ ಎಳೆ. ಪುಸ್ತಕದಲ್ಲಿ ಎಳೆ ಬೆನ್ನಿನ ಉದ್ದಕ್ಕೇ ಬರಬೇಕು, ಇಲ್ಲದಿದ್ದರೆ ಪುಟಗಳು ಸೆಟೆದುಕೊಂಡು ಪುಸ್ತಕ ಮಲಗುವುದೇ ಇಲ್ಲ. 300 ಜಿಎಸ್‌ಎಂ ಕಾರ್ಡನ್ನು ಎಳೆಗೆ ಅಡ್ಡವಾಗಿ ಮಡಚಿದರೆ ಬಣ್ಣ ಬಿರಿದು ಒಳಗಿನ ಬಿಳಿ ಕಾಣುತ್ತದೆ. ಅದಕ್ಕೇ ಮಡಿಕೆ ಬರುವ ಜಾಗದಲ್ಲಿ ಗಾಢ ಬಣ್ಣ ಇಡುವ ಮುಂಚೆ ಎಳೆ ಯಾವ ಕಡೆ ಅಂತ ನೋಡಿಕೊಳ್ಳುತ್ತೇನೆ. ಕ್ರೀಸಿಂಗ್ (ಮಡಚುವ ಮುಂಚೆ ಗೆರೆ ಒತ್ತುವುದು) ಹೇಗಿದ್ದರೂ ಹಾಕಿಸುತ್ತೇನೆ.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಹಾಳೆಯ ತೂಕ, ದಪ್ಪ ಅಲ್ಲ. 80 ಜಿಎಸ್‌ಎಂ ಬಲ್ಕಿ (ಹಗುರಾಗಿ ಉಬ್ಬಿದ) ಕಾಗದ 90ರ ಆರ್ಟ್ ಪೇಪರಿಗಿಂತ ದಪ್ಪ ಇರುತ್ತದೆ. ತೂಕ ತಿಳಿದಿದ್ದರೆ ಖರ್ಚಿನ ಲೆಕ್ಕ ನಾವೇ ಹಾಕಬಹುದು. ಹಾಳೆಯ ಉದ್ದ ಅಗಲವನ್ನು ಇಂಚಿನಲ್ಲಿ ಗುಣಿಸಿ, ಜಿಎಸ್‌ಎಂನಿಂದ ಗುಣಿಸಿ, 3100ರಿಂದ ಭಾಗಿಸಿದರೆ 500 ಹಾಳೆಯ ಒಂದು ರೀಮಿನ ತೂಕ ಕಿಲೋದಲ್ಲಿ ಸಿಗುತ್ತದೆ. 23×36, 70 ಜಿಎಸ್‌ಎಂಗೆ 18.7 ಕಿಲೋ.

ಹಾಳೆ ಅಳತೆ ನೋಡದೆ ಪುಸ್ತಕದ ಅಳತೆ ಹೇಳಬಾರದು. 23×36 ಹಾಳೆಯಲ್ಲಿ ಡೆಮಿ 1/8 (ಸುಮಾರು 5.5×8.5 ಇಂಚು) ಪುಸ್ತಕಕ್ಕೆ 16 ಎಲೆ, ಅಂದರೆ 32 ಪುಟ ಬರುತ್ತದೆ. ಅದನ್ನೇ ಎ5 ಮಾಡಿದರೆ ಬರುವುದು 12 ಎಲೆ ಮಾತ್ರ. ಉಳಿದದ್ದು ಕಟಿಂಗಿನಲ್ಲಿ ರದ್ದಿಗೆ ಹೋಗುತ್ತದೆ. ಎ5ಗೆ 25×36 ಹಾಳೆ ತಗೊಂಡರೆ ಮತ್ತೆ 16 ಸಿಗುತ್ತದೆ. ಕವನ ಸಂಕಲನ ತರುವ ಬರಹಗಾರರಿಗೆ ಈ ಒಂದು ಮಾತು ಹೇಳಿದರೆ ಸಾಕು, ಅವರ ಜೇಬಿಗೆ ಎಷ್ಟೋ ಉಳಿಯುತ್ತದೆ.

ಗಾಢ ಬಣ್ಣದ ಕಾಗದದ ಮೇಲೆ ಬಂಗಾರದ ಅಕ್ಷರ ಬೇಕು ಅನ್ನುವವರಿಗೆ ಜಾಲರಿಯ ಮೂಲಕ ಇಂಕು ಒತ್ತುವ ಸ್ಕ್ರೀನ್ ಪ್ರಿಂಟಿಂಗೇ ಸರಿ. ಇಷ್ಟು ಹೊತ್ತು ಹೇಳಿದ ಪ್ಲೇಟಿನ ಮುದ್ರಣದ, ಅಂದರೆ ಆಫ್‌ಸೆಟ್‌ನ, ಇಂಕು ಪಾರದರ್ಶಕ, ಪದರವೂ ತೆಳು, ಹಿಂದಿನ ಬಣ್ಣವನ್ನು ಮುಚ್ಚುವುದಿಲ್ಲ. ಸ್ಕ್ರೀನಿನಲ್ಲಿ ಇಂಕು ದಪ್ಪಗೆ ಕೂರುತ್ತದೆ. ಆದರೆ ಸಣ್ಣ ಒತ್ತಕ್ಷರ ಜಾಲರಿಯಲ್ಲಿ ಮುರಿಯುತ್ತದೆ, ಅಕ್ಷರ ದೊಡ್ಡದಿಡಬೇಕು.

ಕಲಿಯಲು ಬರುವ ಹುಡುಗರಿಗೆ ನಾನು ಮೊದಲು ಕೊಡುವುದು ಒಂದು 500 ರೂಪಾಯಿ ನೋಟು ಮತ್ತು ಭೂತಗನ್ನಡಿ. ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯವೂ ನೋಟಿನ ಕಾಗದ ಮಾಡುವ ಗಿರಣಿಯೂ ನಮ್ಮ ಮೈಸೂರಿನಲ್ಲೇ ಇವೆ. ಆ ಕಾಗದ ಹತ್ತಿ ನಾರಿನದ್ದು, ಅದಕ್ಕೇ ಅಷ್ಟು ಕೈ ಬದಲಾದರೂ ಬಾಳುತ್ತದೆ. ಗಾಂಧೀಜಿ ಚಿತ್ರದ ಮೇಲೆ ಬೆರಳಾಡಿಸಿದರೆ ಉಬ್ಬು ತಿಳಿಯುತ್ತದೆ. ಅದು ಇಂಟಾಗ್ಲಿಯೋ: ಲೋಹದ ಪ್ಲೇಟಿನ ಕೊರೆದ ಗೆರೆಗಳಲ್ಲಿ ತುಂಬಿದ ಇಂಕನ್ನು ಭಾರೀ ಒತ್ತಡದಲ್ಲಿ ಕಾಗದಕ್ಕೆ ಎಳೆದದ್ದು. ಕಾಗದ ಮತ್ತು ಮುದ್ರಣ ಎರಡೂ ಬೆರಳಿಗೆ ಒಟ್ಟಿಗೆ ಸಿಗುವ ಪಾಠ ಅದಕ್ಕಿಂತ ಹತ್ತಿರದಲ್ಲಿ ನನಗೆ ಕಂಡಿಲ್ಲ.

ಕೊನೆಗೆ ಫೈಲು ಕಳಿಸುವಾಗ ಕನ್ನಡಕ್ಕೇ ಬೇಕಾದ ಒಂದು ಎಚ್ಚರ. ಹಳೆಯ ನುಡಿ ಫಾಂಟಿನಿಂದ ಯೂನಿಕೋಡಿಗೆ ತಂದ ಬರಹದಲ್ಲಿ ಅರ್ಕಾವತ್ತು, ಒತ್ತುಗಳು ಕೆಲವೊಮ್ಮೆ ಜಾಗ ತಪ್ಪುತ್ತವೆ. ಪಿಡಿಎಫ್ ಮಾಡಿ, ನಿಜ ಅಳತೆಯಲ್ಲಿ ಪ್ರಿಂಟ್ ತೆಗೆದು, ಮಡಚಿ ಡಮ್ಮಿ (ಮಾದರಿ ಪ್ರತಿ) ಮಾಡಿ, ಬರೆದವರ ಕೈಲೇ ಓದಿಸುತ್ತೇನೆ. ಅವರು ಸಹಿ ಹಾಕಿದ ಮೇಲೆಯೇ ಪ್ಲೇಟಿಗೆ ಕೊಡುವುದು.