ಮಕ್ಕಳ ಮರಳಾಟ: ಯಾವ ಮರಳು, ಎಷ್ಟು ನೀರು, ಏನು ಎಚ್ಚರ

ಮನೆ ಕಟ್ಟುವವರು ಬೀದಿ ಬದಿಯಲ್ಲಿ ಮರಳು ಸುರಿಸಿದ ದಿನವೇ ಮಕ್ಕಳು ಅಲ್ಲಿ ಸೇರುತ್ತಾರೆ. ಪಾದವನ್ನು ಒದ್ದೆ ಮರಳಿನಲ್ಲಿ ಹೂತು, ಮೇಲೆ ತಟ್ಟಿ ತಟ್ಟಿ ಗಟ್ಟಿ ಮಾಡಿ, ಮೆಲ್ಲಗೆ ಕಾಲು ಹಿಂದಕ್ಕೆ ಎಳೆದುಕೊಂಡರೆ ಗುಬ್ಬಚ್ಚಿ ಗೂಡು. ಈ ಒಂದು ಆಟದಲ್ಲಿ ಮಗು ಎಷ್ಟು ಕೆಲಸ ಮಾಡುತ್ತದೆ ನೋಡಿ. ಎಷ್ಟು ಒತ್ತಬೇಕೆಂದು ಅಂಗೈ ತಾನೇ ಅಳೆಯುತ್ತದೆ. ಗೂಡು ಮುಗಿಯುವವರೆಗೆ ಪಾದ ಅಲುಗಾಡದೆ ಕಾಯಬೇಕು. ಮರಳು ಒಣಗಿದ್ದರೆ ಗೂಡು ಕುಸಿಯುತ್ತದೆ, ಹದವಾಗಿದ್ದರೆ ನಿಲ್ಲುತ್ತದೆ. ಯಾರೂ ಹೇಳಿಕೊಡದೆ ಕಾರಣ ಗೊತ್ತಾಗುತ್ತದೆ.

ಆದರೆ ಬೀದಿಯ ರಾಶಿ ಆಟಕ್ಕೆ ತಕ್ಕದ್ದಲ್ಲ. ಅಲ್ಲಿ ಬೆಕ್ಕು ನಾಯಿಗಳ ಮಲ, ತುಕ್ಕು ಮೊಳೆ, ಸಿಮೆಂಟಿನ ಪುಡಿ ಇರುತ್ತವೆ. ಕಡಿದಾದ ರಾಶಿಯ ಬುಡದಲ್ಲಿ ಮಕ್ಕಳು ಸುರಂಗ ತೋಡಿದರೆ ಮೇಲಿನ ಮರಳು ಕುಸಿದು ಉಸಿರುಗಟ್ಟಬಹುದು. ಅಂಗಳದ ಮೂಲೆಯಲ್ಲೋ ಬಾಲ್ಕನಿಯಲ್ಲೋ ಮಕ್ಕಳಿಗೆಂದೇ ಒಂದು ಮರಳ ಜಾಗ ಮಾಡಿಕೊಡುವುದು ಒಂದು ದಿನದ ಕೆಲಸ.

ಮರಳಿನ ಆಯ್ಕೆ

ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಎಂ-ಸ್ಯಾಂಡ್. ಆಟಕ್ಕೆ ಅದನ್ನು ತರಬೇಡಿ. ಬಂಡೆ ಒಡೆದು ಮಾಡಿದ ಮರಳಾದ್ದರಿಂದ ಅದರ ಕಣಗಳು ಮೊನಚು, ಎಳೆಯ ಚರ್ಮವನ್ನು ಗೀರುತ್ತವೆ. ಜೊತೆಗೆ ಹಿಟ್ಟಿನಂಥ ಕಲ್ಲುಪುಡಿ ಇರುತ್ತದೆ. ಒಣಗಿದಾಗ ಮೇಲೆದ್ದು ಮಗುವಿನ ಮೂಗಿಗೆ ಹೋಗುವುದು ಇದೇ. ಗಾರೆಗೆ ಬಳಸುವ ಪಿ-ಸ್ಯಾಂಡ್ ಇನ್ನೂ ನುಣುಪಾಗಿ ಕಂಡರೂ ಅದೂ ಬಂಡೆಯದೇ. ಸಮುದ್ರದ ಮರಳಿನಲ್ಲಿ ಉಪ್ಪಿದ್ದು ಸದಾ ಜಿಗುಟಾಗಿರುತ್ತದೆ, ಚಿಪ್ಪಿನ ಚೂರುಗಳೂ ಇರುತ್ತವೆ. ನೀರಿನಲ್ಲಿ ಉರುಳಿ ಅಂಚು ಸವೆದ ನದಿ ಮರಳು ಎಲ್ಲಕ್ಕಿಂತ ಒಳ್ಳೆಯದು. ಬೆಲೆ ಹೆಚ್ಚು ನಿಜ, ಆದರೆ ಬೇಕಾಗುವುದು ಕೆಲವೇ ಚೀಲ.

ತಂದ ಮರಳಲ್ಲಿ ಮಣ್ಣೆಷ್ಟಿದೆ ಎಂದು ನೋಡಲು ಗಾಜಿನ ಬಾಟಲಿಗೆ ಅರ್ಧ ಮರಳು ಹಾಕಿ, ಮುಕ್ಕಾಲು ಭಾಗದವರೆಗೆ ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ, ಚೆನ್ನಾಗಿ ಕುಲುಕಿ ಮೂರು ಗಂಟೆ ಬಿಡಿ. ಮರಳಿನ ಮೇಲೆ ಕೂರುವ ಕಂದು ಪದರವೇ ಗೋಡುಮಣ್ಣು. ಆ ಪದರ ದಪ್ಪವಿದ್ದಷ್ಟೂ ಹೆಚ್ಚು ಸಲ ತೊಳೆಯಬೇಕು. ಮೊದಲು ಗಾರೆಯವರ ಜರಡಿಯಲ್ಲಿ ಸೋಸಿ ಕಲ್ಲು, ಕಡ್ಡಿ, ಗಾಜಿನ ಚೂರು ತೆಗೆಯಿರಿ. ನಂತರ ಬಕೆಟ್ಟಿಗೆ ಮೂರನೇ ಒಂದು ಭಾಗ ಮರಳು ಹಾಕಿ, ನೀರು ತುಂಬಿ, ಕೈಯಾಡಿಸಿ, ರಾಡಿ ನೀರನ್ನು ಗಿಡಗಳಿಗೆ ಬಗ್ಗಿಸಿ. ನೀರು ತಿಳಿಯಾಗುವವರೆಗೆ ಇದೇ ಕೆಲಸ. ಬಚ್ಚಲಿಗೆ ಮಾತ್ರ ಸುರಿಯಬೇಡಿ, ಮರಳು ಪೈಪಿನಲ್ಲಿ ಕೂತರೆ ತೆಗೆಸುವುದು ಕಷ್ಟ.

ಗುಂಡಿ

ಇಬ್ಬರು ಮೂವರು ಮಕ್ಕಳಿಗೆ 4 ಅಡಿ ಉದ್ದ, 4 ಅಡಿ ಅಗಲ ಸಾಕು. ನೀರು ನಿಲ್ಲದ ಜಾಗ ನೋಡಿ 15 ಇಂಚು ಅಗೆಯಿರಿ. ತಳಕ್ಕೆ 3 ಇಂಚು ಜಲ್ಲಿ (4 ಘನ ಅಡಿ), ಅದರ ಮೇಲೆ ಹಸಿರು ನೆರಳು ಪರದೆಯನ್ನು ಎರಡು ಮಡಿಕೆ ಮಾಡಿ ಹಾಸಿ. ಪರದೆ ಇಲ್ಲದಿದ್ದರೆ ಮಕ್ಕಳು ತೋಡುತ್ತಾ ಹೋಗಿ ಜಲ್ಲಿಯನ್ನು ಮೇಲೆ ತರುತ್ತಾರೆ. ಪ್ಲಾಸ್ಟಿಕ್ ಹಾಳೆ ಹಾಸಿದರೆ ನೀರು ಇಂಗದೆ ಮರಳು ಕೊಳೆತು ನಾರುತ್ತದೆ. ಪರದೆಯ ಮೇಲೆ 9 ಇಂಚು ಮರಳು, ಅಂದರೆ 12 ಘನ ಅಡಿ. ಒಣ ಮರಳು ಘನ ಅಡಿಗೆ ಸುಮಾರು 45 ಕೆಜಿ ತೂಗುತ್ತದೆ. ಒಟ್ಟು 540 ಕೆಜಿ, ಖಾಲಿ ಸಿಮೆಂಟ್ ಚೀಲಗಳಲ್ಲಿ ಹತ್ತು ಚೀಲದಷ್ಟು. ಉಳಿದ 3 ಇಂಚು ಖಾಲಿ ಇರಲಿ, ಆಗ ಮರಳು ಹೊರಗೆ ಚೆಲ್ಲುವುದು ಕಡಿಮೆ. ಅಂಚಿಗೆ ಇಟ್ಟಿಗೆ ಮಲಗಿಸಿ ಕಟ್ಟಿದರೆ ಕೂರಲು ಕಟ್ಟೆಯೂ ಆಯಿತು, ಇಡ್ಲಿ ಅಂಗಡಿಯೂ ಆಯಿತು. ಬೇಸಿಗೆಯ ಮಧ್ಯಾಹ್ನ ಮರಳು ಅಂಗಾಲು ಸುಡುತ್ತದೆ, ಮರದ ನೆರಳಿದ್ದರೆ ಉತ್ತಮ.

ಅಂಗಳವಿಲ್ಲದವರಿಗೆ 2 ಅಡಿ ಉದ್ದ, ಒಂದೂವರೆ ಅಡಿ ಅಗಲದ ಗಟ್ಟಿ ಪ್ಲಾಸ್ಟಿಕ್ ಟಬ್ಬು. 4 ಇಂಚು ಮರಳು ತುಂಬಿದರೆ ಸರಿಯಾಗಿ ಒಂದು ಘನ ಅಡಿ. ಟಬ್ಬಿನ ಕೆಳಗೆ ಹಳೆಯ ಬೆಡ್‌ಶೀಟ್ ಹಾಸಿ, ಆಟ ಮುಗಿದ ಮೇಲೆ ನಾಲ್ಕು ಮೂಲೆ ಹಿಡಿದೆತ್ತಿ ಚೆಲ್ಲಿದ ಮರಳನ್ನು ಮತ್ತೆ ಟಬ್ಬಿಗೇ ಸುರಿಯಿರಿ.

ನೀರಿನ ಹದ

ಮರಳಾಟ ಸಪ್ಪೆಯಾಗುವುದಕ್ಕೆ ಬಹುತೇಕ ಕಾರಣ ಒಣ ಮರಳು. ಒಣ ಮರಳಲ್ಲಿ ಸುರಿಯುವುದು, ಸೋಸುವುದು ಬಿಟ್ಟರೆ ಬೇರೇನೂ ಆಗದು. ಐದು ನಿಮಿಷಕ್ಕೆ ಬೇಸರ ಬಂದು ಮಕ್ಕಳು ಒಬ್ಬರ ಮೇಲೊಬ್ಬರು ಎರಚಲು ತೊಡಗುತ್ತಾರೆ. ಎಂಟು ಲೋಟ ಮರಳಿಗೆ ಒಂದು ಲೋಟ ನೀರು ಬೆರೆಸಿ ನೋಡಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ಬೆರಳ ಸಂದಿಯಿಂದ ನೀರು ಇಳಿಯಬಾರದು. ಕಣಗಳ ನಡುವೆ ನಿಲ್ಲುವ ತೆಳುವಾದ ನೀರೇ ಅವನ್ನು ಒಂದಕ್ಕೊಂದು ಎಳೆದು ಹಿಡಿಯುವುದು. ಸಂದಿಗಳೆಲ್ಲ ನೀರಿನಿಂದ ತುಂಬಿಹೋದರೆ ಆ ಹಿಡಿತ ತಪ್ಪಿ ಗೂಡು ಜಾರಿ ಕರಗುತ್ತದೆ. ಹದ ತಪ್ಪಿದಾಗ ನೀವು ಸರಿಮಾಡಬೇಡಿ. ಒಂದು ಚೊಂಬು ನೀರು ಪಕ್ಕದಲ್ಲಿಡಿ, ನಾಲ್ಕು ವರ್ಷದ ಮಗು ಎರಡು ಮೂರು ದಿನದಲ್ಲಿ ಹದ ಕಂಡುಕೊಳ್ಳುತ್ತದೆ. ಒದ್ದೆ ಮರಳಿನಿಂದ ದೂಳೇಳುವುದಿಲ್ಲ, ಕಣ್ಣಿಗೆ ಬೀಳುವುದೂ ಕಡಿಮೆ.

ಅಂಗಡಿಯ ಕೈನೆಟಿಕ್ ಸ್ಯಾಂಡ್ ಮಳೆಗಾಲಕ್ಕೆ ಪರವಾಗಿಲ್ಲ. ಎಣ್ಣೆಯಂಶ ಸೇರಿಸಿದ್ದರಿಂದ ಅದು ಯಾವಾಗಲೂ ಒಂದೇ ಹದದಲ್ಲಿರುತ್ತದೆ, ಮಗು ಹುಡುಕಬೇಕಾದ ಹದ ಅಲ್ಲಿ ಮೊದಲೇ ಸಿದ್ಧ.

ಆಟಿಕೆ ಕೊಳ್ಳಬೇಕಿಲ್ಲ. ತೆಂಗಿನ ಕರಟ, ಸೌಟು, ಲಾಳಿಕೆ, ಹಿಟ್ಟಿನ ಜರಡಿ, ಹಳೆಯ ಇಡ್ಲಿ ತಟ್ಟೆ, ಹಿಡಿಯಿರುವ ಚೊಂಬು ಸಾಕು. ಮನೆಯಲ್ಲಿ ಅಜ್ಜಿಯ ಕಾಲದ ಪಾವು, ಸೇರು ಇದ್ದರೆ ಖಂಡಿತ ಕೊಡಿ. ನಾಲ್ಕು ಪಾವು ಸುರಿದಾಗ ಸೇರು ತುಂಬುವುದನ್ನು ಕೈಯಾರೆ ಕಂಡ ಮಗುವಿಗೆ ಮುಂದೆ ಕಾಲು, ಅರ್ಧ, ಮುಕ್ಕಾಲು ಎಂಬ ಮಾತುಗಳು ಬರೀ ಬಾಯಿಪಾಠವಾಗುವುದಿಲ್ಲ. ಎತ್ತರದ ಲೋಟದ ಮರಳನ್ನು ಅಗಲ ತಟ್ಟೆಗೆ ಸುರಿದರೆ ಕಡಿಮೆಯಾಯಿತು ಎಂದೇ ಐದು ವರ್ಷದೊಳಗಿನ ಹೆಚ್ಚಿನ ಮಕ್ಕಳು ಹೇಳುತ್ತಾರೆ. ತಿದ್ದಲು ಹೋಗಬೇಡಿ, ವಾಪಸ್ ಸುರಿದು ನೋಡಲು ಬಿಡಿ. ವಸ್ತುಗಳನ್ನು ಒಂದೇ ಸಲ ರಾಶಿ ಹಾಕದೆ ದಿನಕ್ಕೆ ನಾಲ್ಕೈದು ಕೊಟ್ಟು, ವಾರಕ್ಕೊಮ್ಮೆ ಬದಲಿಸಿ. ಒಂದೇ ಜರಡಿಗೆ ಇಬ್ಬರು ಜಗಳವಾಡುವ ವಯಸ್ಸು ಎರಡು ಮೂರು ವರ್ಷ; ಆಗ ಹಂಚಿಕೊಳ್ಳಲು ಬುದ್ಧಿ ಹೇಳುವುದಕ್ಕಿಂತ ಎರಡು ಜರಡಿ ಇಡುವುದು ಒಳ್ಳೆಯದು. ಈ ವಯಸ್ಸಿನವರು ಅಕ್ಕಪಕ್ಕ ಕೂತು ತಮ್ಮ ತಮ್ಮ ಆಟ ಆಡುತ್ತಾರೆ. ನಾಲ್ಕು ದಾಟಿದ ಮೇಲೆ ಒಬ್ಬ ಕಾಲುವೆ ತೋಡುತ್ತಾನೆ, ಇನ್ನೊಬ್ಬಳು ನೀರು ಬಿಡುತ್ತಾಳೆ, ಮಾತು ತಾನೇ ಬೆಳೆಯುತ್ತದೆ.

ಅಕ್ಷರದ ಅವಸರ ಬೇಡ ಎಂದು ಇಲ್ಲೇ ಹೇಳಬೇಕು. ಹಿಂದಿನ ಕಾಲದ ಊರ ಶಾಲೆಗಳಾದ ಕೂಲಿಮಠಗಳಲ್ಲಿ ಮಕ್ಕಳು ಮರಳ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮದರಾಸಿನಲ್ಲಿ ಅನಾಥ ಮಕ್ಕಳ ಶಾಲೆ ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ಇಂಥದೇ ಪಾಠವನ್ನು ದೇಶೀ ಶಾಲೆಯಲ್ಲಿ ಕಂಡು ತನ್ನ ಶಾಲೆಗೆ ತಂದ. 1797ರಲ್ಲಿ ಅವನ ವರದಿ ಅಚ್ಚಾದ ಮೇಲೆ ಮರಳ ತಟ್ಟೆ ಇಂಗ್ಲೆಂಡಿನ ಶಾಲೆಗಳಿಗೂ ಹೋಯಿತು. ಪದ್ಧತಿ ಒಳ್ಳೆಯದೇ: ತಟ್ಟೆಯಲ್ಲಿ ಅರ್ಧ ಬೆರಳು ದಪ್ಪ ಮರಳು ಹರಡಿ, ಬರೆದು, ಅಲುಗಾಡಿಸಿದರೆ ತಪ್ಪು ಅಳಿಸಿಹೋಗುತ್ತದೆ. ಆದರೆ ಪೆನ್ಸಿಲು ಹಿಡಿಯುವ ಬೆರಳಿಗೆ ಬಲ ಬರುವುದು ಅಗೆದು, ಹಿಂಡಿ, ಚೊಂಬು ಬಗ್ಗಿಸಿದ ಮೇಲೆ. ಭುಜ ಮತ್ತು ಮಣಿಕಟ್ಟು ಗಟ್ಟಿಯಾಗದ ಮೂರು ವರ್ಷದ ಮಗುವನ್ನು ಮರಳಿನ ಮುಂದೆ ಕೂರಿಸಿ ‘ಅ ಬರಿ’ ಎಂದರೆ ಆಟವೂ ಕೆಡುತ್ತದೆ, ಅಕ್ಷರವೂ ಬರುವುದಿಲ್ಲ.

ಕೆಲವು ಮಕ್ಕಳು ಮರಳು ಮುಟ್ಟಲೇ ಹಿಂಜರಿಯುತ್ತಾರೆ. ಕೈ ಹಿಡಿದು ಒಳಗೆ ಅದ್ದಬೇಡಿ. ಮೊದಲು ಸೌಟು ಕೊಡಿ, ಪಕ್ಕದಲ್ಲಿ ಕೈ ತೊಳೆಯಲು ನೀರಿಡಿ. ತೊಳೆದುಕೊಳ್ಳಬಹುದು ಎಂದು ಗೊತ್ತಾದರೆ ಧೈರ್ಯ ಬರುತ್ತದೆ.

ಕಾಪಾಡಿಕೊಳ್ಳುವುದು

ಆಟ ಮುಗಿದ ತಕ್ಷಣ ಗುಂಡಿ ಮುಚ್ಚಬೇಕು. ತೆರೆದ ಮರಳು ಕಂಡರೆ ಬೆಕ್ಕು ಬಿಡುವುದಿಲ್ಲ, ಅದರ ಮಲದಿಂದ ಟಾಕ್ಸೊಪ್ಲಾಸ್ಮಾ ಎಂಬ ಕಣ್ಣಿಗೆ ಕಾಣದ ಪರೋಪಜೀವಿ, ಜಂತುಹುಳುಗಳು ಬರುತ್ತವೆ. ಟಾಕ್ಸೊಪ್ಲಾಸ್ಮಾ ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು, ಹಾಗಾಗಿ ಮಲ ಕಂಡ ದಿನವೇ ಸುತ್ತಲಿನ ಮರಳಿನ ಸಮೇತ ತೆಗೆದುಬಿಡಿ. ಈ ಕೆಲಸ ಗರ್ಭಿಣಿಯರು ಮಾಡಬಾರದು. ಮುಚ್ಚಲು ಟಾರ್ಪಾಲಿಗಿಂತ ಚೌಕಟ್ಟಿಗೆ ಬಿಗಿದ ನೆರಳು ಪರದೆ ಮೇಲು, ಗಾಳಿಯಾಡುತ್ತದೆ. ತೆರೆಯುವಾಗ ಕೋಲಿನಿಂದ ಒಮ್ಮೆ ಕೆದಕಿ, ತಂಪಿಗೆ ಚೇಳು ಬಂದು ಸೇರಿರಬಹುದು. ವಾರಕ್ಕೊಮ್ಮೆ ಸಲಿಕೆಯಿಂದ ತಳದವರೆಗೆ ತಿರುವಿ ಬಿಸಿಲಿಗೆ ಬಿಡಿ. ಫಿನಾಯಿಲ್, ಇರುವೆ ಪುಡಿ ಹಾಕಲೇಬೇಡಿ. ಇರುವೆ ಬಂದರೆ ಅಲ್ಲಿ ತಿಂಡಿ ಬಿದ್ದಿದೆ ಎಂದರ್ಥ. ಮಲೆನಾಡು, ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಂಡಿಯ ಆಸೆ ಬಿಟ್ಟು ಜಗುಲಿಯ ಟಬ್ಬಿಗೆ ಬದಲಾಗಿ.

ಆಟದ ನಂತರ ಸೋಪು ಹಾಕಿ ಕೈ ತೊಳೆಸಿ, ಉಗುರು ಗಿಡ್ಡವಾಗಿರಲಿ. ಕಣ್ಣಿಗೆ ಮರಳು ಬಿದ್ದರೆ ಉಜ್ಜಲು ಬಿಡದೆ, ತಲೆ ಓರೆ ಮಾಡಿಸಿ ಶುದ್ಧ ನೀರು ಧಾರೆಯಾಗಿ ಹರಿಸಿ. ಆಮೇಲೂ ನೋವು, ಕೆಂಪು ಉಳಿದರೆ ಕಣ್ಣಿನ ವೈದ್ಯರ ಹತ್ತಿರ ಹೋಗಿ. ಒಂದೂವರೆ ವರ್ಷದ ಮಗು ಒಮ್ಮೆ ಬಾಯಿಗಿಟ್ಟು ನೋಡುವುದು ಸಹಜ. ಎರಡು ವರ್ಷ ದಾಟಿದ ಮೇಲೂ ಹುಡುಕಿ ಹುಡುಕಿ ತಿನ್ನುತ್ತಿದ್ದರೆ ಬೈಯಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣದ ಕೊರತೆಯಿರುವ ಮಕ್ಕಳಲ್ಲಿ ಇದು ಕಾಣುತ್ತದೆ.

ಮೇಲಿನ 3 ಇಂಚು ಮರಳನ್ನು ಆರು ತಿಂಗಳಿಗೊಮ್ಮೆ ತೆಗೆದು ಹೊಸದು ತುಂಬಿ. ಹಳೆಯ ಮರಳನ್ನು ಹೂಗಿಡದ ಕುಂಡಗಳ ಮಣ್ಣಿಗೆ ಬೆರೆಸಬಹುದು, ಸೊಪ್ಪು ತರಕಾರಿಯ ಪಾತಿಗೆ ಬೇಡ.