ತಟ್ಟು ಕುದುರೆಯ ಬೊಜ್ಜು ಇಳಿಸುವುದು ಹೇಗೆ

ಹೋದ ವರ್ಷ ಆಷಾಢ ಮುಗಿಯುವ ಹೊತ್ತು. ಬೆಳಿಗ್ಗೆ ಬೆಣ್ಣೆಗೆ ಸ್ನಾನ ಮಾಡಿಸುತ್ತಿದ್ದೆ. ಬೆಣ್ಣೆ ಅಂದ್ರೆ ನಮ್ಮ ತಟ್ಟು, ಗಿಡ್ಡ ಜಾತಿಯ ಕುದುರೆ. ಮೈಬಣ್ಣ ಹಾಗಿದೆ, ಊರು ದಾವಣಗೆರೆ, ಬೇರೆ ಹೆಸರು ಎಲ್ಲಿಂದ ತರೋದು? ಒಂದು ಬಿಂದಿಗೆ ನೀರು ಬೆನ್ನ ಮೇಲೆ ಸುರಿದೆ. ಎರಡೂ ಪಕ್ಕಕ್ಕೆ ಇಳಿದು ಹೋಗಬೇಕಿದ್ದ ನೀರು ಬೆನ್ನಿನ ನಡುವೆ ನಿಂತು, ನಿಧಾನಕ್ಕೆ ಬಾಲದ ಕಡೆ ಹರಿಯಿತು. "ಅಪ್ಪಾ, ಭದ್ರಾ ನಾಲೆ!" ಅಂದ ಮಗ. ನಾನೂ ನಕ್ಕೆ. ನಗುವ ವಿಷಯ ಆಗಿರಲಿಲ್ಲ. ಬೆನ್ನುಮೂಳೆಯ ಎರಡೂ ಕಡೆ ಕೊಬ್ಬು ಏರಿ ನಡುವೆ ಗುಂಡಿ ಬಿದ್ದಿತ್ತು.

ನಮ್ಮದು ಮೆರವಣಿಗೆ ಕುದುರೆ ಕಸುಬು. ಅಪ್ಪ ಜಟಕಾ ಹೊಡೆಯುತ್ತಿದ್ದರು. ಆಟೋ ಬಂದು ಜಟಕಾ ಹೋಯಿತು, ಕುದುರೆ ಉಳಿಯಿತು. ಈಗ ಮದುವೆಗೆ ರಾಣಿ ಅಂತ ಒಂದು ಬಿಳಿ ಕುದುರೆ, ಜಾತ್ರೆಯಲ್ಲಿ ಮಕ್ಕಳ ಸವಾರಿಗೆ ಬೆಣ್ಣೆ. ವೈಶಾಖದಲ್ಲಿ ದಿನಕ್ಕೆರಡು ಮೆರವಣಿಗೆ ಇರುತ್ತೆ. ಆಷಾಢದಲ್ಲಿ ಒಂದೂ ಇಲ್ಲ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಕೆಲಸ ನಿಂತರೂ ಮೇವಿನ ಲೆಕ್ಕ ಮಾತ್ರ ನಾನು ಬದಲಿಸಿರಲಿಲ್ಲ. ಹುರುಳಿ, ಬೂಸಾ, ಬೆಲ್ಲ ಎಲ್ಲ ಸೀಸನ್‌ನಷ್ಟೇ. ಮೇಲೆ ಮಳೆ ಬಿದ್ದು ಎಳೆ ಹುಲ್ಲು ಬೇರೆ. ದಾವಣಿ ಅಂದ್ರೆ ದನ, ಕುದುರೆ ಕಟ್ಟುವ ಹಗ್ಗ, ಊರಿನ ಹೆಸರು ಬಂದದ್ದೇ ಅದರಿಂದ ಅಂತ ಹೇಳುವವರಿದ್ದಾರೆ. ಬೆಣ್ಣೆ ಮೂರು ತಿಂಗಳು ದಾವಣಿ ಬಿಟ್ಟು ಕದಲಿರಲಿಲ್ಲ.

ಏನು ಮಾಡಬೇಕು ಅನ್ನುವ ಮುಂಚೆ ಏನು ಮಾಡಬಾರದು ಅಂತ ಹೇಳಿಬಿಡುತ್ತೇನೆ. ನಾನು ಮಾಡಿದ ತಪ್ಪು ಅದು. ಕುದುರೆ ಸಾಕಿದ ಹಳಬರೊಬ್ಬರು "ಎರಡು ದಿನ ಉಪವಾಸ ಕೆಡವು, ತಾನೇ ಇಳಿಯುತ್ತೆ" ಅಂದರು. ಕೆಡವಿದೆ. ಬರೀ ನೀರು, ಒಂದೊಂದು ಹಿಡಿ ಹುಲ್ಲು. ಮೂರನೇ ದಿನ ಬೆಣ್ಣೆ ತಲೆ ತಗ್ಗಿಸಿ ನಿಂತ. ಹುಲ್ಲು ಮುಂದೆ ಹಿಡಿದರೂ ಮೂಸಿ ಬಿಟ್ಟ. ಪಶುವೈದ್ಯರು ಬಂದು ರಕ್ತ ತೆಗೆದು, ಸೀಸೆಯನ್ನು ಕಟ್ಟೆ ಮೇಲೆ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಕೆಂಪು ಕೆಳಗೆ ಕೂತಿತು. ಮೇಲೆ ತಿಳಿಯಾಗಿರಬೇಕಿದ್ದ ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಿತ್ತು. "ಇದೆಲ್ಲ ಕೊಬ್ಬು ಕಣ್ರೀ" ಅಂದರು. ದಪ್ಪಗಿರುವ ತಟ್ಟುವಿಗೆ ಒಮ್ಮೆಲೇ ಮೇವು ನಿಲ್ಲಿಸಿದರೆ ಮೈಯ ಕೊಬ್ಬೆಲ್ಲ ರಕ್ತಕ್ಕೆ ನುಗ್ಗುತ್ತೆ, ಲಿವರ್ ತಡೆಯಲಾರದು, ಎಷ್ಟೋ ಸಲ ಉಳಿಯೋದೇ ಇಲ್ಲವಂತೆ. ತಟ್ಟು, ಕತ್ತೆ, ಗಬ್ಬದ ಕುದುರೆ, ಈ ಮೂರಕ್ಕೂ ಈ ಅಪಾಯ ಜಾಸ್ತಿ. ಡ್ರಿಪ್ ಹಾಕಿ, ಮೊದಲು ತಿನ್ನಿಸಿ, ಆಮೇಲೆ ಇಳಿಸೋಣ ಅಂದರು. ನನ್ನ ಹೆಂಡತಿ ಮಾತ್ರ ಈಗಲೂ ಆಡಿಕೊಳ್ಳುತ್ತಾಳೆ, "ಹೆಸರಿಗೆ ತಕ್ಕ ಹಾಗೆ ರಕ್ತದಾಗೂ ಬೆಣ್ಣೆ ನೋಡ್ರಿ."

ಈಗ ಬೊಜ್ಜು ಗುರುತಿಸುವುದು. ಹೊಟ್ಟೆ ನೋಡಿ ತೀರ್ಮಾನ ಮಾಡಬೇಡಿ. ಹುಳು ಇದ್ದರೂ, ಬರೀ ಒಣಹುಲ್ಲು ತಿಂದರೂ ಹೊಟ್ಟೆ ಜೋಲುತ್ತೆ. ಕೈಯಿಂದ ನೋಡಬೇಕು. ನಿಮ್ಮ ಕೈ ಮುಷ್ಟಿ ಮಾಡಿ, ಇನ್ನೊಂದು ಕೈಯ ಬೆರಳನ್ನು ಗೆಣ್ಣುಗಳ ಮೇಲೆ ಆಡಿಸಿ. ಕುದುರೆಯ ಪಕ್ಕೆಲುಬು ಅಷ್ಟು ಚೂಪಾಗಿ ಸಿಕ್ಕರೆ ಬಡಕಲು. ಈಗ ಮುಷ್ಟಿ ಬಿಚ್ಚಿ, ಅಂಗೈಯ ಹಿಂಬದಿ ಮುಟ್ಟಿ. ಹಾಗೆ ಸಿಕ್ಕರೆ ಸರಿ ಇದೆ. ಹೆಬ್ಬೆರಳ ಬುಡದ ಮಾಂಸದ ಹಾಗೆ ಮೆತ್ತಗಿದ್ದು, ಒತ್ತಿದರೂ ಮೂಳೆ ಸಿಗದಿದ್ದರೆ ಬೊಜ್ಜು. ಆಮೇಲೆ ಭುಜದ ಹಿಂದೆ, ಬಾಲದ ಬುಡದಲ್ಲಿ, ಬೆನ್ನಿನ ಮೇಲೆ ಮುಟ್ಟಿ ನೋಡಿ. ಕೊನೆಗೆ ಜೂಲಿನ ಕೆಳಗೆ ಕತ್ತಿನ ಏಣು. ಅದನ್ನು ಎರಡೂ ಕಡೆ ಅಲ್ಲಾಡಿಸಲು ಬರಬೇಕು. ಗಟ್ಟಿಯಾಗಿ ದಿಂಡಿನ ಹಾಗಿದ್ದರೆ ಅದೇ ಎಲ್ಲಕ್ಕಿಂತ ಕೆಟ್ಟ ಲಕ್ಷಣ. ವೈದ್ಯರು ಇದಕ್ಕೆಲ್ಲ 1ರಿಂದ 9ರ ತನಕ ಅಂಕ ಕೊಡುತ್ತಾರೆ. 1983ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹೆನೆಕೆ ಅನ್ನುವವರು ಮಾಡಿದ ಕ್ರಮ. 5 ಬಂದರೆ ಚೆನ್ನ. ಬೆಣ್ಣೆಗೆ 8 ಬಂತು. ಮಗನ ಮಾರ್ಕ್ಸ್ ಕಾರ್ಡ್ ಆಗಿದ್ದರೆ ಖುಷಿಪಡಬಹುದಿತ್ತು.

ತೂಕಕ್ಕೆ ವೇ ಬ್ರಿಡ್ಜ್ ಬೇಕಿಲ್ಲ. ಟೈಲರ್ ಟೇಪ್ ಉದ್ದ ಸಾಲದು, ಹುರಿ ತೆಗೆದುಕೊಳ್ಳಿ. ಮುಂಗಾಲಿನ ಹಿಂದೆ ಎದೆ ಸುತ್ತಿ, ಕತ್ತು ಮುಗಿದು ಬೆನ್ನು ಶುರುವಾಗುವ ಉಬ್ಬಿನ ಹಿಂದೆ ಸೇರಿಸಿ. ಬಿಗಿಯಬೇಡಿ, ಉಸಿರು ಬಿಟ್ಟಾಗ ಹಿಡಿಯಿರಿ. ಆಮೇಲೆ ಭುಜದ ಮುಂದಿನ ಮೂಳೆಯಿಂದ ಹಿಂಭಾಗದ ಮೂಳೆ ತನಕ ಉದ್ದ. ಎರಡನ್ನೂ ಸೆಂಟಿಮೀಟರ್‌ಗೆ ತನ್ನಿ. ಎದೆಸುತ್ತನ್ನು ಎದೆಸುತ್ತಿನಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಬೆಣ್ಣೆಯ ಎದೆಸುತ್ತು 150, ಉದ್ದ 130. ಲೆಕ್ಕ ಹಾಕಿದರೆ 246 ಕೆ.ಜಿ. ಹತ್ತಿಪ್ಪತ್ತು ಕೆ.ಜಿ. ಆಚೀಚೆ ಆಗಬಹುದು, ಆದರೆ ಪ್ರತಿ ಸಲ ಒಂದೇ ಥರ ಅಳೆದರೆ ಏರಿತೋ ಇಳಿಯಿತೋ ಗೊತ್ತಾಗುತ್ತೆ. ಹದಿನೈದು ದಿನಕ್ಕೊಮ್ಮೆ ಅಳೆಯಬೇಕು ಅಂದ್ರೆ ನನಗೆ ಮರೆಯುತ್ತೆ. ಅಮಾವಾಸ್ಯೆ, ಹುಣ್ಣಿಮೆ ಅಂದ್ರೆ ಮರೆಯಲ್ಲ.

ಇನ್ನು ಮೇವು. ಹಿಂಡಿ, ಕಾಳು, ಬೆಲ್ಲ ಮೊದಲು ನಿಲ್ಲಬೇಕು. ಒಂದು ವಾರ ಹತ್ತು ದಿನದಲ್ಲಿ ಸ್ವಲ್ಪ ಸ್ವಲ್ಪ ಕಮ್ಮಿ ಮಾಡುತ್ತಾ ನಿಲ್ಲಿಸಿ. ಹುರುಳಿ ಅಂದ್ರೆ ಬಾಯಿ ತೆರೆದು ಕಡಿವಾಣ ಅಂದ್ರೆ ಬಾಯಿ ಮುಚ್ಚಿತಂತೆ ಕುದುರೆ. ಅದು ಬಾಯಿ ತೆರೆಯಿತು ಅಂತ ಹುರುಳಿ ಹಾಕಬೇಕಿಲ್ಲ. ಬೂಸಾ ಮೈಗೆ ಹಗುರ ಅಂತ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ಅದರಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ, ಅದನ್ನೇ ಸುರಿಯುತ್ತಾ ಹೋದರೆ ಮೂಳೆ ಕೆಡುತ್ತೆ. ಕುದುರೆ ಮಸಾಲೆ ಸೊಪ್ಪು ಹೆಸರಿನಲ್ಲೇ ಕುದುರೆ ಇಟ್ಟುಕೊಂಡಿದೆ, ಆದರೆ ಸತ್ವ ಜಾಸ್ತಿ, ಬೊಜ್ಜಿನ ತಟ್ಟುವಿಗೆ ಬೇಡ. ನಮ್ಮ ಕಡೆ ಕೈಗೆ ಸಿಗುವ ಮೆಕ್ಕೆಜೋಳ ಇನ್ನೂ ಅಪಾಯ. ಪಿಷ್ಟ ಜಾಸ್ತಿಯಾದರೆ ಕರುಳು ಹುಳಿಯಾಗಿ ಹೊಟ್ಟೆನೋವು, ಕಾಲುನೋವು ಎರಡೂ ಬರುತ್ತೆ. ಮಳೆಗೆ ಸಿಕ್ಕಿ ಬೂಸಲು ಹಿಡಿದ ಮೆಕ್ಕೆಜೋಳವಂತೂ ಕುದುರೆಯ ಮೆದುಳನ್ನೇ ತಿನ್ನುತ್ತೆ. ಕೋಳಿ ಫೀಡ್ ಉಳಿದಿದೆ ಅಂತ ಯಾರಾದರೂ ಕೊಟ್ಟರೆ ಮುಟ್ಟಬೇಡಿ. ಕೆಲವದರಲ್ಲಿ ಮೊನೆನ್ಸಿನ್ ಇರುತ್ತೆ, ಕೋಳಿಗೆ ಔಷಧ, ಕುದುರೆಗೆ ವಿಷ.

ಹಾಗಾದರೆ ತಿನ್ನಲು ಏನು? ಒಣಗಿದ ಹುಲ್ಲು, ತೂಕ ಮಾಡಿ. ಮೈತೂಕದ ನೂರಕ್ಕೆ ಒಂದೂವರೆ ಪಾಲು ಒಣ ಮೇವು ದಿನಕ್ಕೆ ಬೇಕು. ಬೆಣ್ಣೆಗೆ ಅದು ಸುಮಾರು 4 ಕೆ.ಜಿ. ಕೊಕ್ಕೆ ತಕ್ಕಡಿ ಸಾಕು. ಕಣ್ಣಂದಾಜು ನಂಬಬೇಡಿ, ನಾನು "4 ಕೆ.ಜಿ." ಅಂತ ಹಾಕುತ್ತಿದ್ದದ್ದು ತೂಗಿದಾಗ ಏಳರ ಹತ್ತಿರ ಇತ್ತು. ಇದಕ್ಕಿಂತ ಕಮ್ಮಿ ಮಾಡುವುದಾದರೆ ವೈದ್ಯರನ್ನು ಕೇಳಿಯೇ ಮಾಡಿ. ಹುಲ್ಲನ್ನು ಒಂದು ಗಂಟೆ ನೀರಲ್ಲಿ ನೆನೆಸಿದರೆ ಅದರಲ್ಲಿರುವ ಸಕ್ಕರೆ ಸ್ವಲ್ಪ ಇಳಿದು ಹೋಗುತ್ತೆ. ಆ ನೀರು ಚೆಲ್ಲಿ, ಕುಡಿಸಬೇಡಿ. ನಮ್ಮ ಬಿಸಿಲಿಗೆ ರಾತ್ರಿಯಿಡೀ ನೆನೆಸಿದರೆ ಹುಳಿ ವಾಸನೆ ಬರುತ್ತೆ. ನೆನೆಸಿದಾಗ ಲವಣಾಂಶವೂ ಹೋಗುವುದರಿಂದ ಉಪ್ಪು, ಖನಿಜ ಮಿಶ್ರಣ ವೈದ್ಯರು ಹೇಳಿದಷ್ಟು ಕೊಡಿ. ಭತ್ತದ ಹುಲ್ಲು ಕಾಲು ಭಾಗ ಬೆರೆಸಬಹುದು. ಅದನ್ನೇ ತುಂಬಿಸಿದರೆ, ನೀರು ಕಮ್ಮಿ ಕುಡಿದರೆ, ಕರುಳಲ್ಲಿ ಕಟ್ಟಿಕೊಳ್ಳುತ್ತೆ.

4 ಕೆ.ಜಿ.ಯನ್ನು ಒಮ್ಮೆಲೇ ಹಾಕಿದರೆ ಎರಡು ಮೂರು ಗಂಟೆಯಲ್ಲಿ ಮುಗಿಸಿ ಆಮೇಲೆ ಗೋಡೆ ನೆಕ್ಕುತ್ತಾನೆ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ದಿನವಿಡೀ ಸುರಿಯುತ್ತಲೇ ಇರುತ್ತೆ, ಖಾಲಿ ಬಿಟ್ಟರೆ ಹುಣ್ಣು. ಅದಕ್ಕೆ ನಾಲ್ಕೈದು ಪಾಲು ಮಾಡಿ, ಸಣ್ಣ ಕಣ್ಣಿನ ಹಗ್ಗದ ಬಲೆಯಲ್ಲಿ ತುಂಬಿ, ಕಾಲು ಸಿಗದಷ್ಟು ಎತ್ತರಕ್ಕೆ ಕಟ್ಟುತ್ತೇನೆ. ಒಂದೊಂದೇ ಎಸಳು ಎಳೆದು ತಿನ್ನಬೇಕು.

ಹೊರಗೆ ಬಿಟ್ಟಾಗ ಗರಿಕೆ ಮೇಯುತ್ತಾನಲ್ಲ, ಅದಕ್ಕೆ ಉಪಾಯ ಸಿಕ್ಕಿದ್ದು ಎತ್ತಿನಿಂದ. ಎಡೆ ಹೊಡೆಯುವಾಗ ಪೈರು ತಿನ್ನದಿರಲಿ ಅಂತ ಬಾಯಿಕುಕ್ಕೆ ಕಟ್ಟುತ್ತಾರೆ. ದೊಡ್ಡದೊಂದು ಕುಕ್ಕೆ ಹೆಣೆಸಿ, ತಳದಲ್ಲಿ ಎರಡು ಬೆರಳು ಹೋಗುವಷ್ಟು ತೂತು ಬಿಡಿಸಿದೆ. ಹುಲ್ಲಿನ ತುದಿಯಷ್ಟೇ ಬಾಯಿಗೆ ಸಿಗುತ್ತೆ, ನೀರು ಆರಾಮಾಗಿ ಕುಡಿಯುತ್ತಾನೆ. ಮೊದಲ ದಿನ ಕೋಪಕ್ಕೆ ನೆಲಕ್ಕೆ ಉಜ್ಜಿ ಹರಿದ. ಎರಡನೆಯದನ್ನು ಒಪ್ಪಿಕೊಂಡ. ದಿನದಲ್ಲಿ ಕೆಲವೇ ಗಂಟೆ ಕಟ್ಟಿ, ರಾತ್ರಿ ಬಿಚ್ಚಿ.

ನಡಿಗೆ ಬೆಳಗಿನ ಏಳರೊಳಗೆ. ಮೊದಲ ವಾರ ಹದಿನೈದು ನಿಮಿಷ ಕೈಯಲ್ಲಿ ಹಿಡಿದು ನಾಲೆ ಏರಿ ಮೇಲೆ ನಡೆಸಿದೆ. ತಿಂಗಳ ಹೊತ್ತಿಗೆ ಮುಕ್ಕಾಲು ಗಂಟೆ, ನಡುನಡುವೆ ದುಡುಕಿ, ಅಂದ್ರೆ ಹಗುರ ಓಟ. ನನ್ನ ಪ್ಯಾಂಟೂ ಸಡಿಲವಾಯಿತು, ಅದು ಬೇರೆ ಮಾತು.

ನಡೆಸುವ ಮುಂಚೆ ದಿನಾ ಗೊರಸು ಮುಟ್ಟಿ ನೋಡಿ. ಬಿಸಿ ಇದ್ದರೆ, ಗೊರಸಿನ ಮೇಲೆ ಗಿಣ್ಣಿನ ಹಿಂದೆ ನಾಡಿ ಜೋರಾಗಿ ಬಡಿಯುತ್ತಿದ್ದರೆ, ಮುಂಗಾಲು ಮುಂದೆ ಚಾಚಿ ಭಾರವೆಲ್ಲ ಹಿಂದೆ ಹಾಕಿ ನಿಂತರೆ, ತಿರುಗಲು ಒದ್ದಾಡಿದರೆ, ನಡಿಗೆ ನಿಲ್ಲಿಸಿ. ಅದು ಲ್ಯಾಮಿನೈಟಿಸ್. ಬೊಜ್ಜಿನ ಕುದುರೆಯಲ್ಲಿ ಇನ್ಸುಲಿನ್ ಏರಿ, ಗೊರಸನ್ನು ಮೂಳೆಗೆ ಹಿಡಿದಿರುವ ಪದರ ಸಡಿಲವಾಗುತ್ತೆ. "ಕಲ್ಲು ಚುಚ್ಚಿರಬೇಕು, ಲಾಳ ಬದಲಿಸೋಣ" ಅಂತ ಕಾಯಬೇಡಿ. ಮೆತ್ತನೆ ನೆಲದಲ್ಲಿ ನಿಲ್ಲಿಸಿ, ಅವತ್ತೇ ವೈದ್ಯರನ್ನು ಕರೆಯಿರಿ. ಕತ್ತಿನ ಏಣು ಗಟ್ಟಿ ಇದ್ದರೆ ಕಾಲುನೋವು ಇಲ್ಲದಿದ್ದರೂ ಇನ್ಸುಲಿನ್ ಪರೀಕ್ಷೆ ಮಾಡಿಸಿ. ವಯಸ್ಸಾದ ಕುದುರೆಗೆ ಬೇಸಿಗೆಯಲ್ಲೂ ಉದ್ದ ಕೂದಲು ಉದುರದಿದ್ದರೆ ಅದು ಬೇರೆ ಕಾಯಿಲೆ, ಅದನ್ನೂ ಹೇಳಿ.

ವಾರಕ್ಕೆ ಮೈತೂಕದ ನೂರಕ್ಕೆ ಅರ್ಧದಿಂದ ಒಂದು ಪಾಲು ಇಳಿದರೆ ಸಾಕು. ಬೆಣ್ಣೆಗೆ ಅದು ಒಂದೂಕಾಲರಿಂದ ಎರಡೂವರೆ ಕೆ.ಜಿ. ತುಳಸಿ ಹಬ್ಬದ ಹೊತ್ತಿಗೆ ಎದೆಸುತ್ತು 142ಕ್ಕೆ ಬಂತು, ತೂಕ 220ರ ಹತ್ತಿರ. ಹಿಡಿದು ಒತ್ತಿದರೆ ಪಕ್ಕೆಲುಬು ಸಿಗತೊಡಗಿತು.

ಎಲ್ಲಕ್ಕಿಂತ ಕಷ್ಟ ಆಗಿದ್ದು ಮದುವೆ ಮನೆಯವರದು. ಲಾಡು, ಬಾಳೆಹಣ್ಣು, ಬೆಲ್ಲ ಹಿಡಿದು ಬರುತ್ತಾರೆ. "ಮಂಡಕ್ಕಿ ಹಗುರ ಅಲ್ವಾ" ಅಂತಾರೆ. ಹಗುರ ಇದ್ದರೂ ಅದು ಅಕ್ಕಿಯೇ. ಬೇಡ ಅಂದರೆ ಬೇಜಾರು. ಈಗ ನಾನೇ ಚೀಲದಲ್ಲಿ ಉದ್ದಕ್ಕೆ ಸೀಳಿದ ಸೌತೆಕಾಯಿ ಇಟ್ಟುಕೊಂಡು ಹೋಗುತ್ತೇನೆ. ಮಕ್ಕಳ ಕೈಗೆ ಒಂದೊಂದು ತುಂಡು ಕೊಟ್ಟು, ಅಂಗೈ ಚಪ್ಪಟೆ ಮಾಡಿ ಹಿಡಿಯಿರಿ ಅನ್ನುತ್ತೇನೆ. ಬೆಣ್ಣೆಯನ್ನು ಅಳೆಯುವ ಹುರಿ ಲಾಯದ ಮೊಳೆಗೆ ನೇತಾಡುತ್ತಿದೆ, ಅಳತೆಗೊಂದು ಗಂಟು. ನಾಡಿದ್ದು ಅಮಾವಾಸ್ಯೆ.